ಎಂಟು ನಿಮಿಷದ ಮುಹೂರ್ತ

ಪಂಚಾಂಗದವರು ಉದಾರಿಗಳು. ಒಂದು ಮುಹೂರ್ತ ಅಂದರೆ ನಲವತ್ತೆಂಟು ನಿಮಿಷ ಅಂತ ಇಟ್ಟಿದ್ದಾರೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕನೂ ಕಾರೂ ಒಂದಾಗುವುದಕ್ಕೆ ಸಿಕ್ಕಿರುವುದು ಎಂಟೇ ನಿಮಿಷ. 2025ರ ಡಿಸೆಂಬರ್‌ನಲ್ಲಿ ತಂದ ನಿಯಮದ ಪ್ರಕಾರ ಪಿಕಪ್ ಲೇನಿನಲ್ಲಿ ಎಂಟು ನಿಮಿಷ ಪುಕ್ಕಟೆ. ಹದಿಮೂರರವರೆಗೆ 150 ರೂಪಾಯಿ, ಹದಿನೆಂಟರವರೆಗೆ 300. ಅದನ್ನೂ ದಾಟಿದರೆ ಕಾರನ್ನು ಎಳೆದುಕೊಂಡು ಹೋಗಿ ಪೊಲೀಸ್ ಠಾಣೆಯಲ್ಲಿ ನಿಲ್ಲಿಸುವುದು. ತಾಳಿ ಕಟ್ಟುವ ಮುಂಚೆಯೇ ಮಾವನ ಮನೆ.

ಆದರೆ ಈ ಎಂಟು ನಿಮಿಷವೂ ಎಲ್ಲ ಕುಲಕ್ಕಿಲ್ಲ. ಮೊದಲು ಗೋತ್ರ ನೋಡಬೇಕು. ಬಿಳಿ ಬೋರ್ಡಿನ ಮೇಲೆ ಕಪ್ಪು ಅಕ್ಷರವಿದ್ದರೆ ಸ್ವಂತದ ಕಾರು, ಅಂಥದ್ದು ಬಾಗಿಲ ಬಳಿಗೇ ಬರಬಹುದು. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರವಿದ್ದರೆ ಬಾಡಿಗೆ ಕಾರು, ಮಂಟಪದ ಹೊರಗೆ ನಿಲ್ಲಬೇಕು. ಹಸಿರು ಬೋರ್ಡು ಕಂಡು ‘ಎಲೆಕ್ಟ್ರಿಕ್ ಕಾರು, ಪರಿಸರಸ್ನೇಹಿ, ಇದಕ್ಕೇನಾದರೂ ಮರ್ಯಾದೆ ಇದ್ದೀತು’ ಅಂದುಕೊಳ್ಳಬೇಡಿ. ಅದರ ಮೇಲಿನ ಅಕ್ಷರ ಹಳದಿಯಾಗಿದ್ದರೆ ಅದೂ ಬಾಡಿಗೆಯದೇ. ಇವೆಲ್ಲಕ್ಕೂ ಗೊತ್ತುಮಾಡಿದ ಜಾಗ ಪಾರ್ಕಿಂಗು. ಅಲ್ಲಿ ಮೊದಲ ಹತ್ತು ನಿಮಿಷ ಪುಕ್ಕಟೆ. ಹಾಗಾಗಿ ಜಾಣ ಡ್ರೈವರ್ ನಿಮ್ಮ ಫೋನು ಬರುವವರೆಗೆ ಒಳಗೇ ಬರುವುದಿಲ್ಲ. ನಿಮ್ಮ ಬ್ಯಾಗು ಬೆಲ್ಟಿನ ಮೇಲೆ ಬರುವವರೆಗೆ ನೀವು ಫೋನು ಮಾಡುವುದಿಲ್ಲ. ನಡುವೆ ಅಂತರಪಟ ಹಾಗೇ ಇರುತ್ತದೆ.

ಇಷ್ಟಾದರೂ ಮೊದಲೇ ಗೊತ್ತುಮಾಡಿದ ಬಾಡಿಗೆ ಕಾರಿನ ಬುಕಿಂಗ್ ಚೀಟಿಯಲ್ಲಿ ಬರೆದಿರುವುದು ಏನು? ‘ನಮ್ಮ ಚಾಲಕರು ಆಗಮನ ದ್ವಾರದಲ್ಲಿ ನಿಮ್ಮ ಹೆಸರಿನ ಫಲಕ ಹಿಡಿದು ಕಾಯುತ್ತಾರೆ.’ ಒಬ್ಬನೇ ಚಾಲಕ ಒಂದು ಕೈಯಲ್ಲಿ ಪಾರ್ಕಿಂಗಿನ ಸ್ಟಿಯರಿಂಗು, ಇನ್ನೊಂದು ಕೈಯಲ್ಲಿ ದ್ವಾರದ ಫಲಕ ಹಿಡಿಯಬೇಕಾದರೆ ಆತ ಆಂಜನೇಯನಾಗಿರಬೇಕು. ಫಲಕ ಹಿಡಿಯುವವರು ಬೇಕಿದ್ದರೆ ಅದು ಬೇರೆ ಸೇವೆ, ಅದಕ್ಕೆ ಬೇರೆ ದಕ್ಷಿಣೆ. ದುಡ್ಡು ಕಟ್ಟುವ ಮುಂಚೆ ಇದೊಂದನ್ನು ಕೇಳಿಬಿಡಿ: ಬೋರ್ಡು ಹಿಡಿಯುವವರು ಯಾರು, ಡ್ರೈವರೋ ಬೇರೆಯವರೋ?

ಕೆಲವರು ಈ ಕಗ್ಗಂಟಿಗೆ ಸುಲಭದ ದಾರಿ ಕಂಡುಕೊಂಡಿದ್ದಾರೆ. ಬಾಡಿಗೆಗೆ ಬಿಳಿ ಬೋರ್ಡನ್ನೇ ಕಳಿಸುತ್ತಾರೆ. ‘ಯಾರಾದ್ರೂ ಕೇಳಿದ್ರೆ ನಿಮ್ಮ ಅಕ್ಕನ ಮಗ ಅನ್ನಿ ಸಾರ್.’ ಇಳಿದ ಐದೇ ನಿಮಿಷದಲ್ಲಿ ಪರವೂರಲ್ಲಿ ಒಬ್ಬ ಸೋದರಳಿಯ ಹುಟ್ಟಿಕೊಂಡ. ನಂಟಸ್ತನ ಮನೆ ತಲುಪುವವರೆಗೆ ಚೆಂದ. ನಡುವೆ ಎಲ್ಲಾದರೂ ಗುದ್ದಿದರೆ ‘ಸ್ವಂತ ಬಳಕೆಯ ಕಾರಲ್ಲವೇ, ಬಾಡಿಗೆಗೆ ಯಾಕೆ ಓಡಿತು’ ಅಂತ ವಿಮೆಯವರು ಕೈ ಎತ್ತಬಹುದು.

ಇನ್ನು ಕೆಂಪೇಗೌಡರ ವಿಷಯ. ಹೊಸಬರು ‘ಕೆಂಪೇಗೌಡ’ ಅಂತ ಟೈಪು ಮಾಡಿ, ಮೊದಲು ಕಂಡದ್ದನ್ನು ಒತ್ತಿ ನಿಶ್ಚಿಂತರಾಗುತ್ತಾರೆ. ನಾಡಪ್ರಭುಗಳ ಮೇಲೆ ನಮಗೆಷ್ಟು ಪ್ರೀತಿ ಎಂದರೆ ವಿಮಾನ ನಿಲ್ದಾಣವೂ ಕೆಂಪೇಗೌಡ, ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವೂ ಕೆಂಪೇಗೌಡ, ಅದರ ಪಕ್ಕದ ಮೆಟ್ರೋ ನಿಲ್ದಾಣವೂ ಕೆಂಪೇಗೌಡ. ಮೊದಲನೆಯದಕ್ಕೂ ಉಳಿದೆರಡಕ್ಕೂ ನಡುವೆ ಸುಮಾರು 35 ಕಿಲೋಮೀಟರ್. ಪಿನ್ನು ಸರಿಯಾಗಿ ಬಿತ್ತು ಅನ್ನಿ, ಆಗಲೂ ಟರ್ಮಿನಲ್ ಒಂದೋ ಎರಡೋ ಅಂತ ಬರೆಯದಿದ್ದರೆ ಕಾರು ಒಂದರಲ್ಲಿ, ನೀವು ಇನ್ನೊಂದರಲ್ಲಿ. ಇಬ್ಬರೂ ‘ಹೊರಗಡೆನೇ ನಿಂತಿದೀನಿ’ ಅಂತ ಪ್ರಾಮಾಣಿಕವಾಗಿ ಹೇಳುತ್ತಿರುತ್ತಾರೆ. 108 ಅಡಿಯ ಪ್ರತಿಮೆಯಾಗಿ ಕತ್ತಿ ಹಿಡಿದು ನಿಂತ ಕೆಂಪೇಗೌಡರಿಗೂ ಯಾರ ಕಾರು ಎಲ್ಲಿದೆ ಅಂತ ತಿಳಿಯದು.

ಕಾಯುವ ಸಮಯದ ಲೆಕ್ಕ ಇದಕ್ಕಿಂತ ಸೂಕ್ಷ್ಮ. ‘ಒಂದು ಗಂಟೆ ಕಾಯುವಿಕೆ ಉಚಿತ’ ಅಂತ ದಪ್ಪಕ್ಷರದಲ್ಲಿರುತ್ತದೆ. ಯಾವಾಗಿನಿಂದ ಒಂದು ಗಂಟೆ ಅನ್ನುವುದು ಸಣ್ಣಕ್ಷರದಲ್ಲಿ. ಬುಕ್ ಮಾಡುವಾಗ ಬರೀ ಹೊತ್ತು ಕೊಟ್ಟಿದ್ದರೆ ಆ ಹೊತ್ತಿನಿಂದಲೇ ಗಡಿಯಾರ ಶುರು. ವಿಮಾನ ಇನ್ನೂ ಆಕಾಶದಲ್ಲೇ ಸುತ್ತುತ್ತಿದ್ದರೂ ಕೆಳಗೆ ಮೀಟರ್ ಓಡುತ್ತಿರುತ್ತದೆ. ವಿಮಾನದ ನಂಬರು ಕೊಟ್ಟರೆ, ಅದನ್ನು ಅಲ್ಲಿ ಯಾರಾದರೂ ನೋಡಿದರೆ, ಇಳಿದಲ್ಲಿಂದ ಲೆಕ್ಕ. ಹೊರದೇಶದಿಂದ ಬರುವವರು ಇಮಿಗ್ರೇಷನ್ನು, ಬ್ಯಾಗು ಎರಡನ್ನೂ ಸೇರಿಸಿ ಇಳಿದ ಮೇಲೆ ಒಂದು ಗಂಟೆಯಾದರೂ ಹಿಡಿದುಕೊಳ್ಳಬೇಕು. ಟರ್ಮಿನಲ್ ಎರಡರ ಬಿದಿರಿನ ಚಾವಣಿ ನೋಡುತ್ತ ಫೋಟೊ ತೆಗೆಯುವವರು ಅದಕ್ಕೆ ಇನ್ನೂ ಕಾಲು ಗಂಟೆ ಸೇರಿಸಲಿ. ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಡ್ರೈವರ್ ನಂಬರನ್ನೂ ಕಾರಿನ ನಂಬರನ್ನೂ ವಿಮಾನ ಹತ್ತುವ ಮುಂಚೆಯೇ ಸ್ಕ್ರೀನ್‌ಶಾಟ್ ಮಾಡಿಟ್ಟುಕೊಳ್ಳಿ. ಇಳಿದ ಮೇಲೆ ವೈಫೈಗೆ ಒಟಿಪಿ ಕೇಳುತ್ತದೆ, ಒಟಿಪಿಗೆ ಸಿಮ್ ಬೇಕು, ಸಿಮ್ ಮಲಗಿರುತ್ತದೆ.

ಅಂತೂ ಕಾರು ಸಿಕ್ಕಿತು ಅನ್ನೋಣ. ‘ಎಲ್ಲ ಸೇರಿ ಇಷ್ಟೇ’ ಅಂದಿದ್ದ ದರದೊಳಗೆ ಯಾವುದು ಸೇರಿಲ್ಲ ಎಂಬುದು ಈಗ ಒಂದೊಂದಾಗಿ ಹೊರಬರುತ್ತದೆ: ಪಾರ್ಕಿಂಗು, ರಾತ್ರಿಯ ಬಾಟಾ, ಸಾದಹಳ್ಳಿಯ ಟೋಲು. ಟೋಲಿನ ದುಡ್ಡು ಡ್ರೈವರ್ ಕೈಯಿಂದ ಹೋಗುವುದಿಲ್ಲ, ಫಾಸ್ಟ್ಯಾಗ್‌ನಿಂದ ಕಟ್ ಆಗುತ್ತದೆ, ಆತನ ಮೊಬೈಲಿಗೆ ಮೆಸೇಜು ಬರುತ್ತದೆ. ‘ಮೆಸೇಜು ತೋರ್ಸಪ್ಪ’ ಅಂದರೆ ಸಾಕು, ಮೊತ್ತ ತಾನೇ ಇಳಿಯುತ್ತದೆ. ಇನ್ನೂ ಒಂದು ಚಮತ್ಕಾರ ಉಂಟು. ಬಾಗಲೂರು, ಹೆಣ್ಣೂರು ಮೇಲೆ ಬಂದರೆ ಸಾದಹಳ್ಳಿಯ ಟೋಲು ಸಿಗುವುದೇ ಇಲ್ಲ. ಆದರೆ ಬಿಲ್ಲಿನಲ್ಲಿ ಸಿಗುತ್ತದೆ.

ಸಾದಹಳ್ಳಿ ದಾಟಿದ ಮೇಲೆ ಯಲಹಂಕದವರೆಗೆ ಕಾರು ಹಾರುತ್ತದೆ. ಹೆಬ್ಬಾಳ ಬಂದಾಗ ನಿಲ್ಲುತ್ತದೆ. ‘ಒಂದು ಗಂಟೆ’ ಎಂಬ ಅಂದಾಜಿನಲ್ಲಿ ಹೆಬ್ಬಾಳವನ್ನು ಯಾರೂ ಸೇರಿಸಿರುವುದಿಲ್ಲ. ಸಂಜೆಯಾಗಿದ್ದರೆ ಅದೊಂದೇ ಪ್ರತ್ಯೇಕ ಪ್ರಯಾಣ. ಅಷ್ಟರಲ್ಲಿ ಪಕ್ಕದಲ್ಲಿ ವಿಮಾನ ನಿಲ್ದಾಣದಿಂದಲೇ ಹೊರಟ ಕೆಐಎ 9 ವಾಯುವಜ್ರ ಬಸ್ಸು ಬಂದು ನಿಲ್ಲುತ್ತದೆ. ಅದರ ಹಣೆಯ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಬರೆದಿರುತ್ತದೆ. ಒಳಗಿನವರಿಗೆ ಯಾವ ಗೋತ್ರವನ್ನೂ ಕೇಳಿಲ್ಲ.

ಇಲ್ಲಿ, ಕಾರಿನೊಳಗೆ, ಊರಿಗೆ ಮೊದಲ ಸಲ ಬಂದವನ ಕಡೆ ಡ್ರೈವರ್ ತಿರುಗುತ್ತಾನೆ.

‘ಸಾರ್, ಮೇಖ್ರಿ ಸರ್ಕಲ್ ಮೇಲೆ ಹೋಗೋದಾ, ರಿಂಗ್ ರೋಡಲ್ಲಿ ಹೋಗೋದಾ?’

‘ಯಾವುದು ಹತ್ರ?’

‘ಅದು ನೀವೇ ಹೇಳ್ಬೇಕು ಸಾರ್. ಆಮೇಲೆ ಸುತ್ತಿಸ್ದ ಅಂತ ಕಂಪ್ಲೇಂಟ್ ಕೊಡ್ತೀರ.’