ತಲೆಗೆ ಪೆಟ್ಟಾದ ಮಗುವಿಗೆ ಕೈಯಂತ್ರದ ತಪಾಸಣೆ: ಕಾಸರಗೋಡಿನ ಆರೋಗ್ಯ ಕೇಂದ್ರಗಳಿಗೆ ಬೇಕೇ?

ಪರ

ಜಗಲಿಯಿಂದಲೋ ಪೇರಳೆ ಮರದಿಂದಲೋ ಬಿದ್ದ ಮಗುವನ್ನು ಪೆರ್ಲ, ಮುಳ್ಳೇರಿಯದ ಕಡೆಯವರು ಮೊದಲು ಎತ್ತಿಕೊಂಡು ಓಡುವುದು ಹತ್ತಿರದ ಕುಟುಂಬಾರೋಗ್ಯ ಕೇಂದ್ರಕ್ಕೆ. ಅಲ್ಲಿ ಸಿ.ಟಿ. ಸ್ಕ್ಯಾನ್ ಇಲ್ಲ. ಶಸ್ತ್ರಚಿಕಿತ್ಸೆಗೆ ಹೋಗುವ ಮಂಗಳೂರು, ಕಾಸರಗೋಡು ಪೇಟೆಯಿಂದಲೇ ಸುಮಾರು 50 ಕಿಲೋಮೀಟರ್. ಆ ದಾರಿಯ ಬೆಲೆ ಏನೆಂದು 2020ರಲ್ಲಿ ಕೊರೊನಾ ಕಾಲದಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಎಲ್ಲರೂ ಕಂಡಿದ್ದಾರೆ. ಹಾಗಿರುವಾಗ ಯಾವ ಮಗುವನ್ನು ನೇರ ಶಸ್ತ್ರಚಿಕಿತ್ಸೆ ಇರುವಲ್ಲಿಗೇ ಕಳಿಸಬೇಕು ಎಂಬುದು ಮೊದಲ ಹತ್ತು ನಿಮಿಷದಲ್ಲಿ ತೀರ್ಮಾನವಾಗಬೇಕು.

ತಲೆಬುರುಡೆಯೊಳಗೆ ರಕ್ತಸ್ರಾವವಾಗಿದೆಯೇ ಎಂದು ಬೆಳಕಿನಿಂದ ನೋಡುವ, ಕೈಯಲ್ಲಿ ಹಿಡಿಯುವ ಇನ್‌ಫ್ರಾಸ್ಕ್ಯಾನರ್‌ನಂಥ ಯಂತ್ರ ಅಲ್ಲಿಗೇ ಒದಗುತ್ತದೆ. ನಾಳದಿಂದ ಹೊರಚೆಲ್ಲಿ ಹೆಪ್ಪುಗಟ್ಟಿದ ರಕ್ತದಲ್ಲಿ ಹಿಮೋಗ್ಲೋಬಿನ್ ದಟ್ಟ. ಅದು ಅವಗೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಹಣೆ, ಕಣತಲೆ, ನೆತ್ತಿಯ ಪಕ್ಕ, ಹಿಂದಲೆ ಎಂದು ಬದಿಗೆ ನಾಲ್ಕರಂತೆ ಎಂಟು ಕಡೆ ಒತ್ತಿ, ಎಡ-ಬಲಗಳನ್ನು ಹೋಲಿಸಿ ಯಂತ್ರ ವ್ಯತ್ಯಾಸ ತೋರಿಸುತ್ತದೆ. ಮಗು ತಾಯಿಯ ಮಡಿಲಲ್ಲೇ ಇರಲಿ. ಕೂದಲನ್ನು ಬೈತಲೆ ತೆಗೆದಂತೆ ಬೇರ್ಪಡಿಸಿ, ತುದಿ ಚರ್ಮಕ್ಕೆ ತಾಗುವಂತೆ ನೇರ ಹಿಡಿಯಬೇಕು. ಎಣ್ಣೆ ಹಚ್ಚಿದ ದಟ್ಟ ಕೂದಲಿನ ಮೇಲೆಯೇ ಒತ್ತಿದರೆ ಓದು ಕೆಡುತ್ತದೆ. ಎರಡು-ಮೂರು ನಿಮಿಷದ ಕೆಲಸ, ವಿಕಿರಣವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ನೆರವಿನಿಂದ ನಮ್ಮ ದೇಶದಲ್ಲೇ ‘ಸೆರೆಬೊ’ ಎಂಬ ಇಂಥದೇ ಯಂತ್ರ ರೂಪುಗೊಂಡಿದೆ. ಇದು ಸಿ.ಟಿ.ಗೆ ಬದಲಿ ಅಲ್ಲ. ಒಳಗೆ ರಕ್ತಸ್ರಾವ ‘ಇದೆ’ ಎಂದು ತೋರಿದರೆ 108 ಆಂಬುಲೆನ್ಸಿಗೆ ಕರೆ ಹೋಗುವುದು ತಡವಾಗುವುದಿಲ್ಲ, ಅಷ್ಟೇ ನಾವು ಕೇಳುವುದು.

ವಿರೋಧ

‘ಇದೆ’ ಎಂದರೆ ಸರಿ. ‘ಇಲ್ಲ’ ಎಂದಾಗ ಏನು ಮಾಡುತ್ತೀರಿ? ನಮ್ಮ ಆತಂಕವೆಲ್ಲ ಅಲ್ಲಿದೆ.

ಇನ್‌ಫ್ರಾಸ್ಕ್ಯಾನರ್ ಹಿಡಿಯುವುದು 3.5 ಮಿಲಿಲೀಟರಿಗಿಂತ ಹೆಚ್ಚಿನ, ಮಿದುಳಿನ ಮೇಲ್ಮೈಯಿಂದ 2.5 ಸೆಂಟಿಮೀಟರ್ ಆಳದೊಳಗಿನ ರಕ್ತವನ್ನು. ಅದಕ್ಕಿಂತ ಒಳಗಿನದು, ಕಿರುಮಿದುಳಿನ ಸುತ್ತಲಿನದು ತಪ್ಪಿಹೋಗಬಹುದು. ಎರಡೂ ಬದಿ ಸಮನಾಗಿ ಒಸರಿದರೆ ಹೋಲಿಸಲು ವ್ಯತ್ಯಾಸವೇ ಉಳಿಯುವುದಿಲ್ಲ. ಇನ್ನೊಂದು ಕಡೆ, ಮಕ್ಕಳ ತಲೆಯಲ್ಲಿ ಏಳುವ ದೊಡ್ಡ ಬುಗುಟಿನಲ್ಲೂ ರಕ್ತವೇ ಇರುವುದು; ಯಂತ್ರ ಅದನ್ನೇ ಒಳಗಿನ ಸ್ರಾವವೆಂದು ತೋರಿಸೀತು. ಅಳುತ್ತಾ ತಲೆ ಕೊಡವುವ ಎರಡು ವರ್ಷದ ಮಗುವಿನಲ್ಲಿ ಎಂಟು ಜಾಗ ಸರಿಯಾಗಿ ಓದುವುದು ಕಷ್ಟ.

ಎಲ್ಲಕ್ಕಿಂತ ಅಪಾಯಕಾರಿ, ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ನಿಧಾನ ತುಂಬುವ ರಕ್ತ. ಮಗು ಎದ್ದು ಆಡುತ್ತದೆ, ಬಿಸ್ಕತ್ತು ಕೇಳುತ್ತದೆ. ಕೆಲವು ಗಂಟೆ ಕಳೆದ ಮೇಲೆ ಮಂಪರು, ವಾಂತಿ, ಒಂದು ಪಾಪೆ ಹಿಗ್ಗುವುದು. ಮೊದಲ ಗಂಟೆಯ ‘ಇಲ್ಲ’ವನ್ನು ನಂಬಿ ಮನೆಗೆ ಕಳಿಸಿದರೆ ಆ ಗಂಟೆಗಳು ಬಸ್ಸಿನಲ್ಲಿ, ತೋಟದ ಮನೆಯಲ್ಲಿ ಕಳೆದುಹೋಗುತ್ತವೆ.

ತಲೆಗೆ ಪೆಟ್ಟಾದ ಯಾವ ಮಗುವಿಗೆ ಸಿ.ಟಿ. ಬೇಕಾದೀತು ಎಂದು ಲಕ್ಷಣ ನೋಡಿ ಹೇಳುವ, 2009ರಲ್ಲಿ ಪ್ರಕಟವಾದ ಪೆಕಾರ್ನ್ ನಿಯಮ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ ಮಾಡಿದ್ದು. ಅದಕ್ಕೆ ಯಂತ್ರ ಬೇಡ. ಎಚ್ಚರದಲ್ಲಿ ಏರುಪೇರು, ಪ್ರಜ್ಞೆ ತಪ್ಪಿದ್ದು, ಬುರುಡೆ ಒಡೆದ ಗುರುತು, ಇವು ಎರಡು ವರ್ಷದೊಳಗಿನವರಿಗೂ ಅದಕ್ಕಿಂತ ದೊಡ್ಡ ಮಕ್ಕಳಿಗೂ ಒಂದೇ. ಎರಡು ವರ್ಷದೊಳಗಿನವರಲ್ಲಿ ಹಣೆ ಬಿಟ್ಟು ಬೇರೆಡೆ ಬುಗುಟು, ಮೂರಡಿಗಿಂತ ಎತ್ತರದಿಂದ ಬಿದ್ದದ್ದು, ‘ಮಗು ಯಾವಾಗಿನಂತಿಲ್ಲ’ ಎಂಬ ತಾಯಿಯ ಮಾತು. ದೊಡ್ಡ ಮಕ್ಕಳಲ್ಲಿ ವಾಂತಿ, ತೀವ್ರ ತಲೆನೋವು, ಐದಡಿಗಿಂತ ಎತ್ತರದ ಬೀಳು. ಒಂದಿದ್ದರೂ ಮುಂದಕ್ಕೆ ಕಳಿಸಬೇಕು, ಇಲ್ಲವೇ ಕಣ್ಣೆದುರೇ ಇಟ್ಟುಕೊಳ್ಳಬೇಕು.

ಹಣವಿದ್ದರೆ ಮೊದಲು ನಾಲ್ಕಾರು ಗಂಟೆ ಮಗುವನ್ನು ನೋಡಿಕೊಳ್ಳಲು ಒಂದು ಹಾಸಿಗೆ, ರಾತ್ರಿಗೂ ಒಬ್ಬ ನರ್ಸ್ ಆಗಲಿ. ಮನೆಗೆ ಹೋಗುವವರ ಕೈಗೆ ಅಪಾಯದ ಲಕ್ಷಣಗಳ ಚೀಟಿ ಕೊಡಲಿ. ಮಲಯಾಳ ಓದಲು ಬಾರದ ಬದಿಯಡ್ಕದ ಅಜ್ಜಿಗೂ ತಿಳಿಯುವಂತೆ ಅದು ಕನ್ನಡದಲ್ಲೂ ಇರಲಿ, ಕೆಳಗೆ ದಪ್ಪ ಅಕ್ಷರದಲ್ಲಿ 108 ಎಂದು ಬರೆದಿರಲಿ.