ರಜೆ ಇದೆಯೇ ಎಂದರೆ ಬೇಕಲ ಕೋಟೆ

ಆಟಿ ತಿಂಗಳ ಮಳೆಯಲ್ಲಿ ಕಾಸರಗೋಡಿನ ತಾಯಂದಿರ ಪ್ರಶ್ನೆ ಒಂದೇ: ನಾಳೆ ಶಾಲೆಗೆ ರಜೆ ಇದೆಯೇ? ಇದೆ, ಇಲ್ಲ, ಅಥವಾ ಜಿಲ್ಲಾಧಿಕಾರಿಗಳು ಇನ್ನೂ ಹೇಳಿಲ್ಲ. ಉತ್ತರ ಒಂದು ಸಾಲನ್ನು ದಾಟುವುದಿಲ್ಲ. ಒಂದು ಸಾಲಿನಲ್ಲಿ ಜಾಹೀರಾತು ತೂರಿಸುವುದಾದರೂ ಎಲ್ಲಿ? ಆದ್ದರಿಂದ ಹುಡುಕಿದಾಗ ಮೊದಲು ಕಾಣಿಸುವ ಪುಟ ಹೀಗೆ ಬಾಯಿ ತೆರೆಯುತ್ತದೆ:

“ಕಾಸರಗೋಡು ನಾಳೆ ರಜೆ ಬಗ್ಗೆ ಹುಡುಕುತ್ತಿದ್ದೀರಾ? ಕಾಸರಗೋಡು ನಾಳೆ ರಜೆ ಕುರಿತ ಸಂಪೂರ್ಣ ಮಾಹಿತಿ ಇಲ್ಲಿದೆ. ಕಾಸರಗೋಡು ನಾಳೆ ರಜೆ ತಿಳಿಯುವ ಮೊದಲು ಕಾಸರಗೋಡು ಎಲ್ಲಿದೆ ಎಂದು ನೋಡೋಣ.”

ಹಾಗೆ ಹುಡುಕಿದ ಬದಿಯಡ್ಕದ ಒಬ್ಬ ತಾಯಿಗೆ ಕಾಸರಗೋಡು ಎಲ್ಲಿದೆ ಎಂಬ ಸಂಶಯ ಇರಲಿಲ್ಲ. ಮಗನ ಒದ್ದೆ ಸಮವಸ್ತ್ರವನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಬೇಕೋ ಬೇಡವೋ, ಅಷ್ಟೇ ಆಕೆಗೆ ತಿಳಿಯಬೇಕಾಗಿತ್ತು. ಬೆರಳಿನಿಂದ ಪುಟ ಸರಿಸುತ್ತ ಹೋದಂತೆ ಜಿಲ್ಲೆ 1984ರ ಮೇ 24ರಂದು ಹುಟ್ಟಿದ್ದು ತಿಳಿಯಿತು. ಬೇಕಲ ಕೋಟೆ ಬಂತು, ಅದರ ಹಿಂದೆಯೇ ಇಕ್ಕೇರಿಯ ಶಿವಪ್ಪ ನಾಯಕನೂ ಬಂದ. ದಿನಕ್ಕೆ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆಯ ಮುನ್ಸೂಚನೆ ಇದ್ದರೆ ರೆಡ್ ಅಲರ್ಟ್ ಎಂಬ ಪಾಠವೂ ಆಯಿತು. ನಡುವೆ ಒಂದು ಛತ್ರಿಯ ಚಿತ್ರ. ಕಣ್ಣು ಕಾಣದವರಿಗೆ ಓದಿ ಹೇಳಲೆಂದು ಚಿತ್ರದ ಹಿಂದೆ ಅಡಗಿರಬೇಕಾದ ವಿವರಣೆಯಲ್ಲಿ ಛತ್ರಿಯ ಸುದ್ದಿಯೇ ಇಲ್ಲ. ಅಲ್ಲಿಯೂ “ಕಾಸರಗೋಡು ನಾಳೆ ರಜೆ”. ಕಟ್ಟಕಡೆಗೆ ಉತ್ತರ: “ಜಿಲ್ಲಾಧಿಕಾರಿಗಳು ರಜೆ ಘೋಷಿಸಿದಲ್ಲಿ ನಾಳೆ ರಜೆ ಇರುತ್ತದೆ.” ಲೇಖನದ ದಿನಾಂಕ ಮಾತ್ರ ಇಂದಿನದು, ಮಳೆ ಹೋದ ವರ್ಷದ್ದು.

ಇದನ್ನು ಬರೆದವರನ್ನು ಬೈಯುವಂತಿಲ್ಲ. ಅವರ ಬೆನ್ನ ಹಿಂದೆ, ಹುಡುಕಾಟದಲ್ಲಿ ಪುಟವನ್ನು ಮೇಲೇರಿಸುವ ದಾರಿ ಹೇಳುವ ಒಬ್ಬ ಸಲಹೆಗಾರ ನಿಂತಿದ್ದಾನೆ. ಸಾವಿರದೈನೂರು ಪದಗಳಿಗೆ ಕಡಿಮೆ ಬರೆದರೆ ಗೂಗಲ್ ಮುನಿಯುತ್ತದೆ ಎನ್ನುತ್ತಾನೆ. ತನಗೆ ಇಂತಿಷ್ಟೇ ಪದ ಬೇಕೆಂಬ ಲೆಕ್ಕವಿಲ್ಲ ಎಂದು ಗೂಗಲ್ಲೇ ಹೇಳಿದೆ. ಪುಟದೊಳಗೆ ಗುಟ್ಟಾಗಿ ತುಂಬುವ ಕೀವರ್ಡ್ (ಜನ ಹುಡುಕುವ ಪದ) ಪಟ್ಟಿಯನ್ನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲ ಎಂದು ಅದು 2009ರಲ್ಲೇ ತಿಳಿಸಿತ್ತು. 2011ರಲ್ಲಿ ಗೂಗಲ್ ಹುಡುಕಾಟದ ‘ಪಾಂಡಾ’ ಎಂಬ ಹೊಸ ಏರ್ಪಾಡು ಬಂದು ಹುರುಳಿಲ್ಲದ ಪುಟಗಳನ್ನು ಕೆಳಗೆ ತಳ್ಳಿತು, 2012ರಲ್ಲಿ ‘ಪೆಂಗ್ವಿನ್’ ಎಂಬ ಇನ್ನೊಂದು ಬಂದು, ಮೇಲೇರಲೆಂದು ಕೊಂಡ ಕೊಂಡಿಗಳನ್ನು (ಲಿಂಕುಗಳನ್ನು) ಕುಟುಕಿತು. ಸಲಹೆಗಾರ ಹೆದರಲಿಲ್ಲ. ಒಂದೊಂದು ಪ್ರಾಣಿ ಬಂದಾಗಲೂ ತನ್ನ ಶುಲ್ಕ ಏರಿಸಿದ. ಕೊಂಡಿಯ ವ್ಯವಹಾರವಂತೂ ಮದುವೆಮನೆಯ ಮುಯ್ಯಿಯಂತೆ ಇಂದಿಗೂ ನಡೆದಿದೆ: ನಿನ್ನ ಪುಟದಲ್ಲಿ ನನ್ನದು, ನನ್ನ ಪುಟದಲ್ಲಿ ನಿನ್ನದು. ರಜೆಯ ಲೇಖನದ ತಳದಲ್ಲಿ ಅಡಿಕೆ ಸುಲಿಯುವ ಯಂತ್ರದ ಕೊಂಡಿ ಏಕೆ ನೇತಾಡುತ್ತಿದೆ ಎಂದು ತಲೆ ಕೆರೆದುಕೊಂಡವರಿಗೆ ಇದೇ ಉತ್ತರ.

ಬಾಯಾರಿನ ಕಡೆಯ ಹಿರಿಯರೊಬ್ಬರು ಸುರಂಗದ ಬಗ್ಗೆ ಬರೆದಿದ್ದರು. ರೈಲಿನ ಸುರಂಗವಲ್ಲ, ಗುಡ್ಡದ ಮುರಕಲ್ಲನ್ನು ಅಡ್ಡಡ್ಡಲಾಗಿ ಕೊರೆದು, ಪಂಪಿನ ಹಂಗಿಲ್ಲದೆ ನೀರನ್ನು ತೋಟಕ್ಕೆ ಹರಿಸುವ ನಮ್ಮ ಸುರಂಗ. ಎಲ್ಲಿ ಕೊರೆಯಬೇಕು, ಒಳಗೆ ಉಸಿರು ಕಟ್ಟಿದರೆ ಏನು ಮಾಡಬೇಕು, ಎಲ್ಲವೂ ಅದರಲ್ಲಿತ್ತು. ಯಾರಿಗೂ ಕಾಣಿಸಲಿಲ್ಲ. ಹುಡುಕಾಟದಲ್ಲಿ ಮೇಲೆ ಕುಳಿತದ್ದು, ಸುರಂಗವನ್ನು ಕನಸಿನಲ್ಲಿಯೂ ಕಾಣದವನ “ಕಾಸರಗೋಡಿನ ಟಾಪ್ 10 ಸುರಂಗಗಳು”.

ಸಲಹೆಗಾರ ಅವರ ಬರಹವನ್ನು ಓದಿ, “ಮಾವ, ಬರಹ ಚೆನ್ನಾಗಿದೆ. ಟಿಕೆಟ್ ದರ ಎಲ್ಲಿ? ಪಾರ್ಕಿಂಗ್ ಎಲ್ಲಿ? ಜನ ಹುಡುಕುವುದು ಅದನ್ನೇ” ಎಂದ.

ಮಾವ ಒಲ್ಲದ ಮನಸ್ಸಿನಿಂದ ಎರಡು ಸಾಲು ಸೇರಿಸಿದರು. “ಟಿಕೆಟ್ ದರ: ಇಲ್ಲ. ಪಾರ್ಕಿಂಗ್: ನಮ್ಮ ಅಂಗಳ.”

ಪುಟ ಮೇಲೇರಿತು. ಈಗ ಭಾನುವಾರ ಬಂದರೆ ಮಾವನಿಗೆ ಅಡಿಕೆ ಒಣಗಿಸಲು ಅಂಗಳವಿಲ್ಲ. ಇಳಿದು ಬಂದವರು ಮೊದಲು ಕೇಳುವುದು, ರೈಲು ಎಷ್ಟು ಗಂಟೆಗೆ ಎಂದು.