ಬಸ್ಸೇ ಇಲ್ಲದ ಊರಲ್ಲಿ ಪ್ರಯಾಣಿಕರನ್ನು ಎಣಿಸುವುದು ಹೇಗೆ?

"ಆ ರೂಟಿಗೆ ಜನ ಇಲ್ಲ." ಬಸ್ ಬಿಡಿ ಎಂದು ಕೊಟ್ಟ ಎಷ್ಟೋ ಮನವಿಗಳು ನಮ್ಮ ಉತ್ತರ ಕನ್ನಡದಲ್ಲಿ ಈ ಒಂದು ಮಾತಿಗೆ ತಣ್ಣಗಾಗುತ್ತವೆ. ಹಾಗೆ ಹೇಳುವ ಅಧಿಕಾರಿ ಸುಳ್ಳು ಹೇಳುತ್ತಿಲ್ಲ. ಅವರ ಮೇಜಿನ ಮೇಲಿರುವ ಕಾಗದದಲ್ಲಿ ಜನ ಇಲ್ಲದಿರುವುದು ನಿಜ. ಮನವಿ ಕೊಟ್ಟವರದ್ದೂ ಸುಳ್ಳಲ್ಲ. ಬಸ್ ಹತ್ತಲು ಆಗದವರು ಟಿಕೆಟ್ ಮಷಿನ್ನಿಗೆ ಕಾಣುವುದಿಲ್ಲ, ಅಷ್ಟೇ. ಸಾರಿಗೆ ನೀತಿಗೆ ಮಾಹಿತಿ ಒದಗಿಸುವ ಸಮಾಜ ಸಂಶೋಧಕರಿಗೆ ಕೆಲಸ ಇರುವುದೇ ಇಲ್ಲಿ. ಆಗದೇ ಉಳಿದ ಓಡಾಟವನ್ನು ಲೆಕ್ಕಕ್ಕೆ ತರಬೇಕು, ತಂದದ್ದನ್ನು ಡಿಪೋ ಮ್ಯಾನೇಜರ್ ಬಳಸುವ ರೂಪದಲ್ಲಿ ಕೊಡಬೇಕು.

2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ. ಚದರ ಕಿಲೋಮೀಟರಿಗೆ 140 ಜನ. ರಾಜ್ಯದ ಸರಾಸರಿ 319. ಅಂದರೆ ಅಷ್ಟೇ ಜನರನ್ನು ತುಂಬಿಕೊಳ್ಳಲು ನಮ್ಮ ಬಸ್ಸು ಎರಡು ಪಟ್ಟಿಗಿಂತ ಹೆಚ್ಚು ಸುತ್ತಬೇಕು, ಅದೂ ಘಟ್ಟ, ಹೊಳೆ, ಕಾಡು ದಾಟಿಕೊಂಡು. ನಗರಗಳಿಗಾದರೆ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಇದೆ, ಬೆಂಗಳೂರಿನಲ್ಲಿ ಅದಕ್ಕೆಂದೇ ನಿರ್ದೇಶನಾಲಯ ಇದೆ. ಹಳ್ಳಿಯ ಪಾಲಿಗೆ ಬಂದದ್ದು ರಸ್ತೆ ಯೋಜನೆ. 2000ದಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500 ಜನರ ಜನವಸತಿಯನ್ನು ಅಳತೆಯಾಗಿ ಇಟ್ಟುಕೊಂಡಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಎಷ್ಟೋ ಮಜರೆಗಳಲ್ಲಿ ಇರುವುದೇ ಐದಾರು ಮನೆ. ಡಾಂಬರು ಬಂದ ಊರಿಗೆ ಬಸ್ಸೂ ಬಂದಿರಬೇಕು ಎಂದುಕೊಳ್ಳುವುದು ಬೆಂಗಳೂರಿನಲ್ಲಿ ಕೂತವರಿಗೆ ಸುಲಭ.

ಹೊಸ ಸಮೀಕ್ಷೆಗೆ ಹಾರುವ ಮೊದಲು ಇರುವ ಅಂಕಿಅಂಶ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದನ್ನು ನೋಡಿಕೊಳ್ಳಬೇಕು. ಕಂಡಕ್ಟರ್ ಕೈಯ ಟಿಕೆಟ್ ಮಷಿನ್ನಿನಲ್ಲಿ ಯಾವ ಹಂತದಿಂದ (ಅಂದರೆ ಟಿಕೆಟ್ ದರ ಬದಲಾಗುವ ಜಾಗ) ಯಾವ ಹಂತಕ್ಕೆ ಎಷ್ಟು ಟಿಕೆಟ್ ಎನ್ನುವುದು ಟ್ರಿಪ್‌ವಾರು ಸಿಗುತ್ತದೆ. ಆದರೆ ಹಂತ ಬೇರೆ, ನಿಲ್ದಾಣ ಬೇರೆ. ಎರಡು ಹಂತದ ನಡುವೆ ಕೈ ಮಾಡಿ ಹತ್ತಿದವರು ಹಿಂದಿನ ಹಂತದ ಲೆಕ್ಕಕ್ಕೆ ಸೇರುತ್ತಾರೆ. ಪಾಸ್ ತೋರಿಸಿದ ಮಕ್ಕಳಿಗೆ ಸಾಮಾನ್ಯವಾಗಿ ಟಿಕೆಟ್ ಹೊಡೆಯುವುದಿಲ್ಲ, ಹಾಗಾಗಿ ಬೆಳಗಿನ ಕಾಲೇಜು ಟ್ರಿಪ್ಪಿನಲ್ಲಿ ಬಾಗಿಲಿಗೆ ಜೋತುಬಿದ್ದವರೂ ಕಾಗದದಲ್ಲಿ ಇರುವುದಿಲ್ಲ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ಹೆಂಗಸರ ಓಡಾಟ ಶೂನ್ಯ ಟಿಕೆಟ್ಟಿನಲ್ಲಿ ಚೆನ್ನಾಗಿಯೇ ದಾಖಲಾಗುತ್ತಿದೆ. ಆದರೆ 2022ರ ಅಂಕಿ ಪಕ್ಕದಲ್ಲಿಟ್ಟು "ಇಷ್ಟು ಹೆಂಗಸರು ಹೊಸದಾಗಿ ಹೊರಗೆ ಬಂದರು" ಎಂದು ಬರೆದರೆ ಅದು ತಪ್ಪು. ಅವರಲ್ಲಿ ಟೆಂಪೋ ಬಿಟ್ಟು ಬಸ್ ಹತ್ತಿದವರೆಷ್ಟು, ಮನೆಯಲ್ಲೇ ಉಳಿಯುತ್ತಿದ್ದು ಈಗ ಹೊರಟವರೆಷ್ಟು ಎಂದು ಮಷಿನ್ ಹೇಳುವುದಿಲ್ಲ. ಅದನ್ನು ಅವರನ್ನೇ ಕೇಳಬೇಕು.

ಜನಗಣತಿಯಲ್ಲೂ ಒಂದು ಕಿಂಡಿ ಇದೆ. 2011ರಲ್ಲಿ ಮನೆಯಿಂದ ಕೆಲಸದ ಜಾಗಕ್ಕೆ ಎಷ್ಟು ದೂರ, ಯಾವ ವಾಹನ ಎಂದು ಕೇಳಿದ್ದರು. ಬಹಳ ಉಪಯುಕ್ತ ಕೋಷ್ಟಕ. ಆದರೆ ಅದರಲ್ಲಿ ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು ಇಲ್ಲ, 'ಇತರೆ ಕೆಲಸಗಾರರು' ಮಾತ್ರ. ಕೃಷಿ ಕೂಲಿಗೆ ದಿನಾ ಹೋಗಿಬರುವ ಸಿದ್ದಿ ಹೆಂಗಸು, ಗದ್ದೆ ನಾಟಿಗೆ ಹೋಗುವ ಹಾಲಕ್ಕಿ ಹೆಂಗಸು ಆ ಕೋಷ್ಟಕದ ಹೊರಗೆ. ಆಸ್ಪತ್ರೆ, ರೇಷನ್, ಸಂಘದ ಸಭೆ, ಬ್ಯಾಂಕಿನ ಓಡಾಟ ಯಾರದ್ದೂ ಇಲ್ಲ.

ಇನ್ನು ಲೋಡ್ ಫ್ಯಾಕ್ಟರ್, ಅಂದರೆ ಬಸ್ಸಿನ ಸೀಟು ಶೇಕಡಾ ಎಷ್ಟು ತುಂಬಿತು ಎಂಬ ಲೆಕ್ಕ. ಇದನ್ನು ಷೆಡ್ಯೂಲ್ (ಒಂದು ಬಸ್ಸಿನ ಇಡೀ ದಿನದ ಟ್ರಿಪ್ಪುಗಳು) ಲೆಕ್ಕದಲ್ಲಿ ತೆಗೆದುಕೊಂಡರೆ ಮೋಸ ಹೋಗುತ್ತೀರಿ. ಒಂದು ಬಸ್ಸು ದಿನಕ್ಕೆ ನಾಲ್ಕು ಟ್ರಿಪ್ ಮಾಡುತ್ತದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಪೇಟೆಗೆ ಹೋಗುವಾಗ ಶೇ. 120, ವಾಪಸ್ 20, ಮಧ್ಯಾಹ್ನ 25, ಸಂಜೆ 90. ಸರಾಸರಿ 64ಕ್ಕೂ ಕಮ್ಮಿ. ಕಡತದಲ್ಲಿ ಕೂರುವುದು ಈ ಸರಾಸರಿಯೇ. ಬೆಳಿಗ್ಗೆ ಜನ ಬಿಟ್ಟು ಹೋದ ಬಸ್ಸೂ, ಮಧ್ಯಾಹ್ನ ಖಾಲಿ ಓಡಿದ ಬಸ್ಸೂ ಒಂದೇ ಎಂದು ಯಾರಿಗೂ ಕಾಣುವುದಿಲ್ಲ. ವಿಭಾಗ ಕಚೇರಿಗೆ ಪತ್ರ ಬರೆಯುವಾಗ "ಟ್ರಿಪ್‌ವಾರು, ಹಂತವಾರು, ಜುಲೈ ಮತ್ತು ಜನವರಿ ಎರಡೂ ತಿಂಗಳದ್ದು" ಎಂದು ಸ್ಪಷ್ಟವಾಗಿ ಕೇಳಬೇಕು. ಸುಮ್ಮನೆ "ಮಾಹಿತಿ ಒದಗಿಸಿ" ಎಂದರೆ ಒಂದು ಪುಟದ ಸರಾಸರಿ ಕೈಗೆ ಬರುತ್ತದೆ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೂವತ್ತು ದಿನ ಕಾಯಿರಿ.

ಮನೆಮನೆ ಸಮೀಕ್ಷೆಯಲ್ಲಿ ಎಡವುವುದು ಮನೆ ಆರಿಸುವಾಗಲೇ. ಶೇ. 95 ವಿಶ್ವಾಸ (ನೂರು ಸಲ ಸಮೀಕ್ಷೆ ಮಾಡಿದರೆ 95 ಸಲ ಸರಿ ಬರುವ ಭರವಸೆ), 5 ಶೇಕಡಾ ಅಂಶ ಹೆಚ್ಚುಕಡಿಮೆ ಎಂಬ ಪಠ್ಯಪುಸ್ತಕದ ಲೆಕ್ಕಕ್ಕೆ 384 ಮನೆ ಸಾಕು. ಆದರೆ ನಾವು ಊರು ಆರಿಸಿ ಆ ಊರಲ್ಲಿ ಮನೆ ಆರಿಸುತ್ತೇವೆ, ಒಂದೇ ಊರಿನವರ ಓಡಾಟ ಒಂದೇ ಥರ ಇರುತ್ತದೆ. ಅದಕ್ಕಾಗಿ ಒಂದೂವರೆ ಪಟ್ಟಾದರೂ ಮಾಡಬೇಕು, ಹತ್ತಿರ ಹತ್ತಿರ 580. ಸಿದ್ದಿಗಳು, ಕುಣಬಿಗಳು, ಗೌಳಿಗಳು ಎಂದು ಬೇರೆಬೇರೆ ಹೇಳಬೇಕಿದ್ದರೆ ಪ್ರತಿ ಗುಂಪಿಗೂ ಕನಿಷ್ಠ ನೂರು ಬೇಕು, ಆಗಲೂ ಹತ್ತು ಅಂಶ ಅತ್ತಿತ್ತ ಇದ್ದೇ ಇರುತ್ತದೆ. ಇಪ್ಪತ್ತು ಮನೆ ಕೇಳಿ "ಸಿದ್ದಿಗಳಲ್ಲಿ ಶೇಕಡಾ ಇಷ್ಟು" ಎಂದು ಬರೆಯುವ ವರದಿಯನ್ನು ಅಲ್ಲಿಗೇ ಮಡಚಿಡಬಹುದು.

ದೊಡ್ಡ ತೊಂದರೆ ಇದೂ ಅಲ್ಲ. ಸಮೀಕ್ಷೆಗೆ ಬಂದ ಹುಡುಗರು ಬಸ್ಸಿಳಿದು, ಸ್ಟಾಪಿನ ಹತ್ತಿರದ ಮನೆಯಿಂದ ಶುರು ಮಾಡಿ, ಪ್ರತಿ ಐದನೇ ಮನೆ ಎಂದು ಎಣಿಸುತ್ತ ಹೋಗುತ್ತಾರೆ. ಬಯಲುಸೀಮೆಯ ಒತ್ತಾದ ಊರಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಗುಡ್ಡ, ಹಳ್ಳ. ಸಂಜೆ ವಾಪಸ್ ಬಸ್ ತಪ್ಪುತ್ತದೆ ಎಂಬ ಹೆದರಿಕೆ ಅವರಿಗೂ ಇರುತ್ತದಲ್ಲ! ಹಾಗಾಗಿ ಪಟ್ಟಿಯಲ್ಲಿ ತುಂಬುವುದು ರಸ್ತೆ ಬದಿಯ ಮನೆಗಳೇ. ಅವರೆಲ್ಲ "ಬಸ್ ಇದೆ, ತೊಂದರೆ ಇಲ್ಲ" ಎನ್ನುತ್ತಾರೆ. ಇದಕ್ಕೆ ದಾರಿ ಇದೆ. ಮೊದಲೇ ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕೋರ ಜೊತೆ ಕೂತು ಊರಿನ ನಕ್ಷೆ ಬರೆದು, ಬಸ್ ನಿಲ್ಲುವ ಜಾಗದಿಂದ ಒಂದು ಕಿಲೋಮೀಟರ್ ಒಳಗಿನ ಮನೆ, ಒಂದರಿಂದ ಮೂರು, ಮೂರಕ್ಕಿಂತ ಆಚೆ ಎಂದು ಮೂರು ಪಟ್ಟಿ ಮಾಡಿ, ಪ್ರತಿ ಪಟ್ಟಿಯಿಂದ ಚೀಟಿ ಎತ್ತಬೇಕು. ಕಿಲೋಮೀಟರ್ ಎಂದರೆ ನಡೆಯುವ ದಾರಿ, ಗೂಗಲ್ ಮ್ಯಾಪಿನಲ್ಲಿ ಎಳೆದ ಗೆರೆಯಲ್ಲ. ಈ ರೀತಿ ಹೋದರೆ ಘಟ್ಟದ ಮೇಲೆ ಒಬ್ಬರು ದಿನಕ್ಕೆ ನಾಲ್ಕೈದು ಮನೆ ಮುಗಿಸಿದರೆ ಹೆಚ್ಚು. 580 ಮನೆಗೆ ಆರು ಜನ ಸುಮಾರು ಇಪ್ಪತ್ತು ದಿನ ಓಡಾಡಬೇಕು. ಟೆಂಡರ್ ಹಾಕುವವರು ದಿನಕ್ಕೆ ಹದಿನೈದು ಮನೆ ಎಂದು ಬರೆದಿದ್ದರೆ, ಅವರು ರಸ್ತೆ ಬಿಟ್ಟು ಇಳಿಯುವುದಿಲ್ಲ ಎಂದೇ ಅರ್ಥ.

ಪ್ರಶ್ನೆಗಳ ವಿಷಯ. "ಸಾಮಾನ್ಯವಾಗಿ ಹೇಗೆ ಹೋಗ್ತೀರಿ?" ಎಂದರೆ "ಬಸ್ಸಲ್ಲೇ" ಎಂಬ ಉತ್ತರ ಬರುತ್ತದೆ, ಮುಗಿಯಿತು. "ನಿನ್ನೆ ಮನೆ ಬಿಟ್ಟು ಮೊದಲು ಎಲ್ಲಿಗೆ ಹೋದ್ರಿ? ಎಷ್ಟೊತ್ತಿಗೆ? ರಸ್ತೆವರೆಗೆ ಹೇಗೆ? ಅಲ್ಲಿ ಎಷ್ಟೊತ್ತು ಕಾದ್ರಿ? ಬಸ್ಸೇ ಬಂತಾ, ಬೇರೆ ಏನಾದ್ರೂ ಸಿಕ್ತಾ?" ಎಂದು ಒಂದೊಂದೇ ತುಂಡು ಕೇಳಿದರೆ ಬೇರೆಯದೇ ದಿನಚರಿ ಹೊರಬೀಳುತ್ತದೆ: ಕಾಲುಸಂಕ ದಾಟಿ ನಡಿಗೆ, ಪಕ್ಕದ ಮನೆಯವರ ಬೈಕಿನಲ್ಲಿ ಕ್ರಾಸ್‌ವರೆಗೆ, ಅಲ್ಲಿಂದ ಟೆಂಪೋ, ವಾಪಸ್ ಬರುವಾಗ ಬಸ್. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಬೆಳಗಿನ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಅರ್ಧರ್ಧ ಗಂಟೆಯ ತುಂಡು ಮಾಡಿ ಕೇಳಿದ್ದರು. ಅದೇ ಕ್ರಮ ಇಲ್ಲೂ ಒಗ್ಗುತ್ತದೆ.

ಇದಾದ ಮೇಲೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: "ಈ ತಿಂಗಳಲ್ಲಿ ಹೋಗಬೇಕಿತ್ತು, ಹೋಗಲಾಗಲಿಲ್ಲ ಅನ್ನುವಂಥದ್ದು ಏನಾದ್ರೂ ಇತ್ತಾ?" ಬಿಪಿ ಮಾತ್ರೆ ಮುಗಿದು ವಾರವಾಗಿದೆ, ಡಿಗ್ರಿಗೆ ಸೇರಬೇಕಿದ್ದ ಮಗಳು ಸೇರಲಿಲ್ಲ, ಕಾರವಾರದ ಕಚೇರಿಯಲ್ಲಿ ಒಂದು ಸಹಿಯ ಕೆಲಸಕ್ಕೆ ಜೋಯಿಡಾದಿಂದ ಹೊರಟರೆ ರಾತ್ರಿ ಉಳಿಯಲು ನೆಂಟರ ಮನೆ ಬೇಕು. ಬಸ್ ಬಿಡಿ ಎನ್ನುವ ಮನವಿಗೆ ಕಾಲು ಬರುವುದು ಈ ಉತ್ತರಗಳಿಂದ. ಇಂಥ ಉತ್ತರ ಮನೆಯ ಯಜಮಾನರ ಬಾಯಲ್ಲಿ ಬರುವುದು ಕಮ್ಮಿ. ಅವರ ಬೈಕು ಅಂಗಳದಲ್ಲೇ ನಿಂತಿರುತ್ತದೆ.

ನಮೂನೆಯಲ್ಲಿ ವಾಹನಗಳ ಪಟ್ಟಿ ಮಾಡುವಾಗ ದೋಣಿ ಬಿಟ್ಟುಹೋಗುತ್ತದೆ. ತದಡಿಯಿಂದ ಅಘನಾಶಿನಿಗೆ ದೋಣಿಯಲ್ಲಿ ದಾಟಿದರೆ ಎದುರು ದಡ, ರಸ್ತೆಯಲ್ಲಾದರೆ ಕುಮಟಾ ಸುತ್ತಿ ಬರಬೇಕು. ಜನಗಣತಿಯ ಪಟ್ಟಿಯಲ್ಲೇ ಜಲ ಸಾರಿಗೆ ಇದ್ದಾಗ ಕರಾವಳಿಯ ಸಮೀಕ್ಷೆಯಲ್ಲಿ ಅದು 'ಇತರೆ' ಆಗುವುದು ಹಾಸ್ಯಾಸ್ಪದ. ಹಾಗೆಯೇ ಸಾಮಾನು. ಪ್ರತಿ ಓಡಾಟಕ್ಕೂ "ಕೈಯಲ್ಲಿ ಏನಿತ್ತು?" ಎಂಬ ಒಂದು ಅಂಕಣ ಇಡಿ. ಮೀನು ಮಾರುವ ಹೆಂಗಸರಿಗೆ ಬಸ್ಸಿನಲ್ಲಿ ಜಾಗ ಸಿಕ್ಕರೂ ಬುಟ್ಟಿಗೆ ಸಿಗುವುದು ಕಷ್ಟ. ನೀರು ಸೋರುತ್ತದೆ, ವಾಸನೆ ಎಂದು ಪಕ್ಕದವರು ಮುಖ ಸಿಂಡರಿಸುತ್ತಾರೆ. ಅವರು ನಾಲ್ಕೈದು ಜನ ಸೇರಿ ಟೆಂಪೋ ಮಾಡಿಕೊಂಡು ಹೋಗುತ್ತಾರೆ. ಶೂನ್ಯ ಟಿಕೆಟ್ ಇದ್ದೂ ದುಡ್ಡು ಕೊಟ್ಟು ಹೋಗುವವರು ಇವರು. ಸಾಮಾನಿನ ಅಂಕಣ ಇಲ್ಲದ ಸಮೀಕ್ಷೆಯಲ್ಲಿ ಇವರು "ಟೆಂಪೋ ಇಷ್ಟಪಡುವವರು" ಎಂದು ದಾಖಲಾಗುತ್ತಾರೆ!

ಯಾವಾಗ ಕೇಳಬೇಕು? ಅನುದಾನ ಮಾರ್ಚ್ ಒಳಗೆ ಖರ್ಚಾಗಬೇಕು, ಹಾಗಾಗಿ ಸಮೀಕ್ಷೆಗಳು ಫೆಬ್ರವರಿ-ಮಾರ್ಚಿಗೇ ಬಂದು ಬೀಳುತ್ತವೆ. ಆಗ ರಸ್ತೆ ಒಣಗಿರುತ್ತದೆ, ಹಳ್ಳದಲ್ಲಿ ನೀರಿಲ್ಲ, ಎಲ್ಲರೂ ಎಲ್ಲಿಗೆ ಬೇಕಾದರೂ ಹೋಗುತ್ತಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಯೂ ಅದೇ ಸುಮಾರಿಗೆ. ಆ ದಿನಗಳ ಬಸ್ ಲೆಕ್ಕ ಹಿಡಿದರೆ ಇಡೀ ತಾಲೂಕು ದಿನಾ ಶಿರಸಿಗೆ ಹೋಗುತ್ತದೆ ಎಂದಾಗುತ್ತದೆ. ಏಪ್ರಿಲ್-ಮೇನಲ್ಲಿ ಶಾಲೆ ಇಲ್ಲ. ಜೂನ್-ಜುಲೈ ಮೀನುಗಾರಿಕೆ ನಿಷೇಧ, ಬಂದರಿನ ಓಡಾಟ ಇಳಿದಿರುತ್ತದೆ. ಆದರೆ ಹಳ್ಳ ತುಂಬಿದಾಗ ಮಕ್ಕಳು ಶಾಲೆ ಬಿಡುವುದು, ಬಸ್ಸು ಊರಿಗೆ ಬಾರದೆ ಕ್ರಾಸಿನಿಂದಲೇ ತಿರುಗಿ ಹೋಗುವುದು ತಿಳಿಯುವುದು ಜುಲೈನಲ್ಲೇ. ಎರಡು ಸುತ್ತು ಮಾಡಲೇಬೇಕು: ಜುಲೈನಲ್ಲೊಂದು, ಡಿಸೆಂಬರ್-ಜನವರಿಯ ಅಡಿಕೆ ಕೊನೆಕೊಯ್ಲಿನ ಹೊತ್ತಿಗೊಂದು. ದುಡ್ಡು ಒಂದೇ ಸುತ್ತಿಗೆ ಇದ್ದರೆ ಜುಲೈ. ಹಳೆಯ ಅಂಕಿ ಬಳಸುವಾಗಲೂ ಎಚ್ಚರ ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾಯಿತು, ಆಗಸ್ಟ್ 7ಕ್ಕೆ ಕಾರವಾರದ ಕಾಳಿ ಹಳೇ ಸೇತುವೆ ಬಿತ್ತು. ಆ ಎರಡು ತಿಂಗಳ ಟಿಕೆಟ್ ಲೆಕ್ಕ ತೋರಿಸಿ ಕರಾವಳಿಯಲ್ಲಿ ಜನ ಕಮ್ಮಿಯಾದರು ಎನ್ನಬಾರದು.

ಮನೆ ಸಮೀಕ್ಷೆಗಿಂತ ಅಗ್ಗದ, ಅಧಿಕಾರಿಗಳು ಬೇಗ ಒಪ್ಪುವ ಇನ್ನೊಂದು ಲೆಕ್ಕ ಇದೆ. ಒಂದು ಕ್ರಾಸಿನಲ್ಲಿ ಇಬ್ಬರು ಬೆಳಿಗ್ಗೆ ಆರರಿಂದ ಹತ್ತು, ಮಧ್ಯಾಹ್ನ ಮೂರರಿಂದ ಏಳು ನಿಲ್ಲಬೇಕು. ಬಸ್ ಬರಬೇಕಾದ ಸಮಯ, ಬಂದ ಸಮಯ, ಕಾಯುತ್ತಿದ್ದವರು, ಹತ್ತಿದವರು, ಹತ್ತಲಾಗದೆ ಉಳಿದವರು, ಕಾದು ಬೇಸತ್ತು ಬೇರೆ ವಾಹನ ಹತ್ತಿದವರು. ಈ ಕೊನೆಯ ಎರಡು ಸಂಖ್ಯೆ ಯಾವ ಮಷಿನ್ನಿನಲ್ಲೂ ಇಲ್ಲ. ಒಂದೇ ದಿನದ್ದು ಸಾಲದು. ಸಂತೆ ದಿನ, ಸಾದಾ ದಿನ, ಮಳೆ ದಿನ ಮೂರೂ ಬೇಕು.

ಗುಂಪು ಚರ್ಚೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರೆಂಟು ಜನ, ಹೆಂಗಸರಿಗೆ ಬೇರೆ, ಪಂಚಾಯ್ತಿ ಸದಸ್ಯರು ಕೂತಿರುವ ಸಭಾಭವನದಲ್ಲಿ ಬೇಡ. ಊರಿನ ದೊಡ್ಡವರ ಜಗುಲಿಯಲ್ಲೂ ಬೇಡ, ಅಲ್ಲಿಗೆ ಯಾರು ಬರುತ್ತಾರೆ ಯಾರು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಕಾರವಾರ ಕಡೆ ಕೊಂಕಣಿ ಬಲ್ಲವರು, ಭಟ್ಕಳದಲ್ಲಿ ನವಾಯತಿ ಬಲ್ಲವರು ತಂಡದಲ್ಲಿರಲಿ.

ಇಷ್ಟೆಲ್ಲ ಮಾಡಿ ಕೊನೆಗೆ ಕೆಡಿಸುವುದು ವರದಿಯಲ್ಲಿ. ಇನ್ನೂರು ಪುಟ, ಕೊನೆಯಲ್ಲಿ "ಸರ್ಕಾರ ಗ್ರಾಮೀಣ ಸಾರಿಗೆಯನ್ನು ಬಲಪಡಿಸಬೇಕು" ಎಂಬ ಶಿಫಾರಸು. ಯಾವ ಸರ್ಕಾರ? ಸಮಯ ಬದಲಾವಣೆ ಹೆಚ್ಚಾಗಿ ಶಿರಸಿಯ ವಿಭಾಗ ಕಚೇರಿ ಮಟ್ಟದಲ್ಲೇ ಆಗುತ್ತದೆ. ಹೊಸ ಬಸ್ಸು, ಸಿಬ್ಬಂದಿ ಹುಬ್ಬಳ್ಳಿಯಲ್ಲಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಮಾತು. ಟೆಂಪೋ ಪರವಾನಗಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರದ್ದು. ಒಂದೊಂದು ಬೇಡಿಕೆಗೂ ಎರಡು ಪುಟ, ಮೇಲ್ಗಡೆ ಯಾರು ಸಹಿ ಮಾಡಬೇಕು ಎಂಬುದು, ಕೆಳಗೆ ಖರ್ಚು. 22 ಕಿಲೋಮೀಟರ್ ದೂರದ ಊರಿಗೆ ಒಂದು ಟ್ರಿಪ್ ಎಂದರೆ ಹೋಗಿಬರಲು 44, ತಿಂಗಳಿಗೆ 1,320 ಕಿಲೋಮೀಟರ್. ಅದಕ್ಕೆ ಅದೇ ಡಿಪೋದ ಕಿಲೋಮೀಟರ್ ವೆಚ್ಚ ಗುಣಿಸಿ ಇಟ್ಟರೆ ಅಧಿಕಾರಿಗೆ ಇಲ್ಲವೆನ್ನಲು ಕಾರಣ ಹುಡುಕಬೇಕಾಗುತ್ತದೆ.

"ಇಪ್ಪತ್ತು ನಿಮಿಷ ಮುಂದೂಡಿ, ಖರ್ಚಿಲ್ಲ" ಎಂದು ಸಲೀಸಾಗಿ ಬರೆಯಬೇಡಿ. ಡ್ರೈವರು, ಕಂಡಕ್ಟರಿಗೆ ಕಾನೂನಿನಂತೆ ದಿನಕ್ಕೆ ಎಂಟು ಗಂಟೆ ಕೆಲಸ, ವಿರಾಮ ಸೇರಿದ ಒಟ್ಟು ಹೊತ್ತಿಗೂ ಮಿತಿ ಇದೆ. ಆ ಬಸ್ಸೇ ಮುಂದೆ ಇನ್ನೊಂದು ಊರಿನ ಕಾಲೇಜು ಟ್ರಿಪ್ ಆಗಿರುತ್ತದೆ, ಅದೇ ಡ್ರೈವರು ಹಿಂದಿನ ರಾತ್ರಿ ವಸ್ತಿ ಮಾಡಿರುತ್ತಾರೆ. ಇಡೀ ಷೆಡ್ಯೂಲ್ ತರಿಸಿಕೊಂಡು, ಡಿಪೋದ ಕಂಟ್ರೋಲರ್ ಜೊತೆ ಒಂದು ಗಂಟೆ ಕೂತು, ಯಾವ ಟ್ರಿಪ್ ಎಳೆದರೆ ಯಾವುದು ಹರಿಯುತ್ತದೆ ಎಂದು ನೋಡಿ ಬರೆದದ್ದೇ ಶಿಫಾರಸು.

ಇನ್ನು "ಪ್ರಾಯೋಗಿಕವಾಗಿ ಒಂದು ತಿಂಗಳು ಬಿಡುತ್ತೇವೆ" ಎಂಬ ಆದೇಶಕ್ಕೆ ಖುಷಿಪಟ್ಟು ಸನ್ಮಾನ ಇಟ್ಟುಕೊಳ್ಳಬೇಡಿ. ಒಂದು ತಿಂಗಳ ಬಸ್ಸನ್ನು ನಂಬಿ ಯಾರೂ ಮಗಳನ್ನು ಕಾಲೇಜಿಗೆ ಸೇರಿಸುವುದಿಲ್ಲ, ಕಂತಿನ ಬೈಕು ಮಾರುವುದಿಲ್ಲ. ತಿಂಗಳು ಮುಗಿಯುತ್ತದೆ, ಸೀಟು ಖಾಲಿ, "ಆ ರೂಟಿಗೆ ಜನ ಇಲ್ಲ" ಎಂಬುದಕ್ಕೆ ಈಗ ದಾಖಲೆಯೂ ಸಿಕ್ಕಿತು. ಪ್ರಯೋಗದ ಅವಧಿ ಶಾಲೆ ಶುರುವಾಗುವ ಜೂನ್‌ನಿಂದ ಮಾರ್ಚ್‌ವರೆಗೆ ಎಂದೂ, ಲೆಕ್ಕ ಹಿಡಿಯುವಾಗ ಪಾಸಿನ ಮಕ್ಕಳನ್ನು ತಲೆ ಎಣಿಸಿ ಸೇರಿಸಬೇಕೆಂದೂ ಆದೇಶದಲ್ಲೇ ಬರೆಸಿಕೊಳ್ಳಿ.